ಒಬ್ಬರೇ ಕೂತು ಸೋಲ್–ಫಂಕ್ ಆಲ್ಬಂ ಮಾಡುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಡು ಬರೆಯುವುದರಿಂದ ಹಿಡಿದು ಮಿಕ್ಸಿಂಗ್‌ವರೆಗೆ ಎಲ್ಲವನ್ನೂ ತಾವೇ ಮಾಡಿ ಸೋಲ್–ಫಂಕ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ, ಲಯಪ್ರಧಾನ ಸಂಗೀತ) ಆಲ್ಬಂ ಹೊರತರಬೇಕೆನ್ನುವ ಓದುಗರಿಂದ ಈ ಸಲ ಹಲವು ಪತ್ರಗಳು ಬಂದಿವೆ. ಮುಂಬಯಿ, ಪುಣೆ, ಗೋವಾಗಳ ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಬೇಸ್ ಗಿಟಾರ್ ಮತ್ತು ಕೀಬೋರ್ಡ್ ಚೆನ್ನಾಗಿ ನುಡಿಸುತ್ತೇನೆ, ಡ್ರಮ್ಸ್ ತಕ್ಕಮಟ್ಟಿಗೆ ಬರುತ್ತದೆ. ಎಂಟು ಹಾಡುಗಳ ಆಲ್ಬಂ ಒಬ್ಬನೇ ಮಾಡಬೇಕೆಂದಿದ್ದೇನೆ. ಮೊದಲು ಯಾವ ವಾದ್ಯ ಮುದ್ರಿಸಲಿ? (ಡೊಂಬಿವಲಿ)

ಉತ್ತರ: ಈ ದಾರಿಯಲ್ಲಿ ನಿಮಗಿಂತ ಮುಂಚೆ ನಡೆದವರಿದ್ದಾರೆ. ಅಮೆರಿಕದ ಗಾಯಕ ಸ್ಟೀವಿ ವಂಡರ್ 21 ತುಂಬಿದಾಗ ಮೋಟೌನ್ ರೆಕಾರ್ಡ್ ಕಂಪನಿಯ ಜೊತೆ ಹೊಸ ಕರಾರು ಮಾಡಿಕೊಂಡು, ತನ್ನ ಸಂಗೀತದ ಮೇಲಿನ ಹಿಡಿತವನ್ನು ತನ್ನ ಕೈಗೇ ತೆಗೆದುಕೊಂಡರು. 1972ರಲ್ಲಿ ಎರಡು ಆಲ್ಬಂ ಬಂದವು. ಬಹುಪಾಲು ವಾದ್ಯಗಳನ್ನು ಅವರೇ ನುಡಿಸಿದ್ದರು. ಅದೇ ದೇಶದ ಗಾಯಕ ಪ್ರಿನ್ಸ್ ಅವರ 1978ರ ಮೊದಲ ಆಲ್ಬಂನ ಹೊದಿಕೆಯಲ್ಲಿ 27 ವಾದ್ಯಗಳ ಪಟ್ಟಿ ಅವರೊಬ್ಬರ ಹೆಸರಿನಲ್ಲಿದೆ. ಸ್ಲೈ ಸ್ಟೋನ್ 1971ರಲ್ಲಿ, ಶೂಗಿ ಓಟಿಸ್ 1974ರಲ್ಲಿ ಡ್ರಮ್ಮರ್ ಕೂರುವ ಜಾಗದಲ್ಲಿ ಮ್ಯಾಸ್ಟ್ರೋ ರಿದಮ್ ಕಿಂಗ್ ಎಂಬ ತಾಳದ ಪೆಟ್ಟಿಗೆಯನ್ನಿಟ್ಟು ಕೆಲಸ ಮಾಡಿದರು. ಹಾಗಾಗಿ ಸಾಧ್ಯವೇ ಎಂದು ಯಾರೂ ಕೇಳಬೇಕಾಗಿಲ್ಲ. ತೊಡಕು ಇರುವುದು ಬೇರೆ ಕಡೆ. ಫಂಕ್ ಎಂದರೆ ಇಬ್ಬರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಬಿಟ್ಟುಕೊಡುವ ಜಾಗ. ಒಬ್ಬರೇ ಎಲ್ಲವನ್ನೂ ನುಡಿಸುವಾಗ ಮೊದಲ ವಾದ್ಯ ಯಾರನ್ನೂ ಕೇಳಿಸಿಕೊಂಡಿರುವುದಿಲ್ಲ. ಅದು ಬರೀ ಕ್ಲಿಕ್ಕಿನ (ಹೆಡ್‌ಫೋನಿನಲ್ಲಿ ಲಯ ತೋರಿಸುವ ಸದ್ದಿನ) ಟಿಕ್‌ಟಿಕ್‌ಗೆ ನುಡಿಸಿದ್ದು.

ಅದಕ್ಕೆ ಪರಿಹಾರ ಮುದ್ರಿಸುವ ಕ್ರಮದಲ್ಲಿಯೇ ಇದೆ. ಕ್ಲಿಕ್ಕಿಗೆ ಕೀಬೋರ್ಡಿನಲ್ಲಿ ಸ್ವರಮೇಳಗಳನ್ನಷ್ಟೇ ಹಿಡಿದು, ಬಾಯಲ್ಲಿ ಹಾಡಿ, ಒಂದು ಗುರುತಿನ ಟ್ರ್ಯಾಕ್ ಮಾಡಿ. ಇದಕ್ಕೆ ಗಿಟಾರ್ ಬೀಸಬೇಡಿ. ಬೀಸಿದರೆ ಒಂದು ಬಾರಿನ (ನಾಲ್ಕು ಪೆಟ್ಟಿನ ಒಂದು ಆವರ್ತದ) ಹದಿನಾರು ಸ್ಥಾನಗಳೂ ತುಂಬಿಹೋಗಿ, ಮುಂದೆ ಬರುವ ಬೇಸ್‌ಗೆ ಕಾಲಿಡಲು ಜಾಗ ಸಿಗುವುದಿಲ್ಲ. ಆಮೇಲೆ ಡ್ರಮ್ಸ್, ಅದರ ಮೇಲೆ ಬೇಸ್. ಬೇಸ್ ಮುಗಿದ ಕೂಡಲೇ ಗುರುತಿನ ಟ್ರ್ಯಾಕನ್ನೂ ಕ್ಲಿಕ್ಕನ್ನೂ ಮುಚ್ಚಿ, ಬೇಸ್ ಒಂದನ್ನೇ ಕೇಳುತ್ತಾ ಡ್ರಮ್ಸನ್ನು ಎರಡನೇ ಸಲ ನುಡಿಸಿ. ಮೊದಲ ಡ್ರಮ್ಸನ್ನು ಅಳಿಸಿಬಿಡಿ. ಅರ್ಧ ದಿನದ ಕೆಲಸ ಹೆಚ್ಚಾಗುತ್ತದೆ, ಆದರೆ ಆಲ್ಬಂನ ಜೀವ ಉಳಿಯುವುದೇ ಇಲ್ಲಿ. ಬೇಸ್ ಎಲ್ಲಿ ಉಸಿರು ಬಿಟ್ಟಿದೆಯೋ ಅಲ್ಲಿ ನಿಮ್ಮ ಕಾಲು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮೇಲೆ ತಾನಾಗಿ ನಿಲ್ಲುತ್ತದೆ. ಇದಾದ ಮೇಲೆ ಕ್ಲಾವಿನೆಟ್ (ತಂತಿಯಿರುವ ವಿದ್ಯುತ್ ಕೀಬೋರ್ಡ್) ಅಥವಾ ಗಿಟಾರ್, ಮುಖ್ಯ ಗಾಯನ, ಊದುವ ವಾದ್ಯಗಳು, ಕೊನೆಯಲ್ಲಿ ಹಿಮ್ಮೇಳದ ದನಿಗಳು. ಮುಖ್ಯ ಗಾಯನ ಮುಗಿಯುವ ಮೊದಲು ಊದುವ ವಾದ್ಯಗಳನ್ನು ಮುದ್ರಿಸಿದರೆ ಅವು ಮಾತಿನ ಮೇಲೆಯೇ ಬಂದು ಕೂರುತ್ತವೆ.

ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ಗೆರೆಗೆ ಎಳೆದು ಕೂರಿಸಬೇಡಿ. ನಿಮಿಷಕ್ಕೆ 100 ಪೆಟ್ಟಿನ ಲಯದಲ್ಲಿ ಒಂದು ಹದಿನಾರನೇ ಸ್ವರಕ್ಕೆ (ಪೆಟ್ಟಿನ ನಾಲ್ಕನೇ ಒಂದು ಭಾಗಕ್ಕೆ) 150 ಮಿಲಿಸೆಕೆಂಡು ಸಿಗುತ್ತದೆ. ಸ್ನೇರ್ (ಕೋಲಿನಿಂದ ಬಾರಿಸುವ, ಚಟಾರ್ ಎನ್ನುವ ಡ್ರಮ್) 10ರಿಂದ 15 ಮಿಲಿಸೆಕೆಂಡು ತಡವಾಗಿ ಬಿದ್ದರೆ ಕಿವಿಗೆ ಅದು ತಪ್ಪಲ್ಲ, ಒರಗಿ ಕೂತ ಸುಖ. ಆದರೆ ಬಾರಿನ ಮೊದಲ ಪೆಟ್ಟು ಮಾತ್ರ ಅಲುಗಬಾರದು. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಮ್ಮ ತಂಡಕ್ಕೆ ಒತ್ತಿ ಹೇಳುತ್ತಿದ್ದ ‘ದ ಒನ್’ ಇದೇ. ನಮ್ಮವರಿಗೆ ‘ಸಮ’ ಎಂದರೆ ತಕ್ಷಣ ಅರ್ಥವಾಗುತ್ತದೆ. ಸಮಕ್ಕೆ ಕಿಕ್ ಮತ್ತು ಬೇಸ್ ಒಟ್ಟಿಗೆ ಬೀಳಲಿ, ಉಳಿದ ಹದಿನೈದು ಸ್ಥಾನಗಳಲ್ಲಿ ಅವು ಒಂದಕ್ಕೊಂದು ದಾರಿ ಬಿಡಲಿ.

ಇನ್ನೊಂದು ಮಾತು. 1972ರಲ್ಲಿ ಡ್ರಮ್ಸ್, ಕ್ಲಾವಿನೆಟ್, ಮೂಗ್ ಸಿಂಥಸೈಜರಿನ ಬೇಸ್ ಎಲ್ಲವನ್ನೂ ತಾನೇ ನುಡಿಸಿದ ‘ಸೂಪರ್‌ಸ್ಟಿಷನ್’ ಹಾಡಿಗೂ ಸ್ಟೀವಿ ವಂಡರ್ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನಿಗೆ ಬೇರೆಯವರನ್ನು ಕರೆಸಿಕೊಂಡಿದ್ದರು. ನೀವೂ ಎಂಟರಲ್ಲಿ ಎರಡು ಹಾಡಿಗಾದರೂ ಇನ್ನೊಬ್ಬರನ್ನು ಕೂರಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ಬೇಸಿನ ಒಂದೆರಡು ಸ್ವರ ಗುಂಯ್ ಎನ್ನುತ್ತವೆ, ಕೆಲವು ಕೇಳಿಸುವುದೇ ಇಲ್ಲ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ್ದೇನೆ, ಏನೂ ಆಗಿಲ್ಲ. ಹಳೆಯ ಸೋಲ್ ಹಾಡುಗಳ ಬೇಸಿನ ನಾದ ತರುವುದು ಹೇಗೆ? (ಗೋರೆಗಾಂವ್)

ಉತ್ತರ: ಆಗುವುದೂ ಇಲ್ಲ. ಮೊಟ್ಟೆಯ ಟ್ರೇ ತೆಳು ರಟ್ಟು, ಮಂದ್ರ ಸದ್ದಿನ ಅಲೆ ಅದನ್ನು ದಾಟಿ ಗೋಡೆ ಮುಟ್ಟಿ ಹಿಂದೆ ಬರುತ್ತದೆ. ಲೆಕ್ಕ ಹೀಗಿದೆ: ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನಿಮ್ಮ ಎರಡು ಗೋಡೆಗಳ ನಡುವೆ 3.05 ಮೀಟರ್. ವೇಗವನ್ನು ಈ ಅಂತರದ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಸ್. ಆ ಕಂಪನದಲ್ಲಿ ಕೋಣೆಯೇ ತಂಬೂರಿಯಂತೆ ಮೊಳಗುತ್ತದೆ. ಬೇಸಿನ ಬಿಡಿ ‘ಎ’ ತಂತಿ 55 ಹರ್ಟ್ಸ್. ಗುಂಯ್ ಎನ್ನುತ್ತಿರುವುದು ಅದೇ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ತೊಂದರೆ ಇಮ್ಮಡಿ. 41 ಹರ್ಟ್ಸಿನ ‘ಇ’ ತಂತಿಗೆ ಕೋಣೆಯ ಬೆಂಬಲವಿಲ್ಲ, ಅದಕ್ಕೇ ಅದು ಸೊರಗುತ್ತದೆ.

ಮುದ್ರಣಕ್ಕೆ ಇದು ಅಡ್ಡಿಯಲ್ಲ. ಬೇಸನ್ನು ಡಿಐ ಬಾಕ್ಸ್ (ವಾದ್ಯವನ್ನು ಮೈಕಿಲ್ಲದೆ ಜೋಡಿಸುವ ಪೆಟ್ಟಿಗೆ) ಮೂಲಕ ನೇರವಾಗಿ, ಕಂಪ್ಯೂಟರಿಗೆ ಸದ್ದು ಮುಟ್ಟಿಸುವ ಇಂಟರ್‌ಫೇಸಿಗೆ ಕೊಟ್ಟರೆ ಕೋಣೆಯ ಸದ್ದು ಅದರೊಳಗೆ ಸೇರುವುದೇ ಇಲ್ಲ. ಅಡ್ಡಿ ಇರುವುದು ಕೇಳಿ ತೀರ್ಮಾನಿಸುವಾಗ. ‘ಎ’ ಜೋರೆಂದು ನೀವು ಅದನ್ನು ಕಡಿಮೆ ಮಾಡುತ್ತೀರಿ, ಬೇರೆಯವರ ಮನೆಯಲ್ಲಿ ಆ ಸ್ವರ ಕಾಣೆಯಾಗುತ್ತದೆ. ನಾಲ್ಕೂ ಮೂಲೆಗಳಲ್ಲಿ ನೆಲದಿಂದ ಸೂರಿನವರೆಗೆ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ ಹಲಗೆ) ನಿಲ್ಲಿಸಿ. ಎರಡು ಇಂಚಿನ ಹಲಗೆ ಎರಡು ಸೇರಿಸಿ ನಾಲ್ಕು ಇಂಚು ದಪ್ಪ, ಘನಮೀಟರಿಗೆ 48 ಕಿಲೋ ಸಾಂದ್ರತೆಯದ್ದು ಸಾಕು. ಮೂಲೆಗೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ತ್ರಿಕೋನದ ಖಾಲಿ ಜಾಗ ಉಳಿಯಲಿ. ಹತ್ತಿ ಬಟ್ಟೆಯ ಗವಸು ಹೊಲಿಸಿ ಪೂರ್ತಿ ಮುಚ್ಚಿ. ಕತ್ತರಿಸುವಾಗ ಮೂಗಿಗೆ ಮಾಸ್ಕ್, ಕೈಗೆ ಗವಸು ಬೇಕೇ ಬೇಕು. ಒಂದು ಇಂಚಿನ ಫೋಮನ್ನು ಗೋಡೆ ತುಂಬ ಅಂಟಿಸಬೇಡಿ. ಅದು ತಾರದ ಸದ್ದನ್ನಷ್ಟೇ ಹೀರಿ ಮಂದ್ರವನ್ನು ಹಾಗೇ ಬಿಡುತ್ತದೆ, ಕೋಣೆ ಇನ್ನಷ್ಟು ಮಬ್ಬಾಗುತ್ತದೆ. ಕೂರುವ ಜಾಗ ಕೋಣೆಯ ನಟ್ಟನಡುವೆ ಬೇಡ, ಎದುರು ಗೋಡೆಯಿಂದ ಮೂರೂಮುಕ್ಕಾಲು ಅಡಿ ಹತ್ತಿರ ಕೂತು ನೋಡಿ. ಕಬ್ಬಿಣದ ಕಪಾಟಿದ್ದರೆ ಹೊರಗೆ ಸಾಗಿಸಿ, ಅದರ ಬಾಗಿಲು ಬೇಸಿನ ಜೊತೆಗೆ ನಡುಗುತ್ತದೆ.

ಬೇಸಿನ ನಾದದ ಬಗ್ಗೆಯೂ ಕೇಳಿದ್ದೀರಿ. ಮೋಟೌನಿನ ಜೇಮ್ಸ್ ಜೇಮರ್‌ಸನ್ ಫೆಂಡರ್ ಪ್ರಿಸಿಶನ್ ಬೇಸಿಗೆ ಫ್ಲಾಟ್‌ವೌಂಡ್ ತಂತಿ ಹಾಕಿ, ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ತಂತಿ ಬದಲಿಸುವುದು ಅವರಿಗೆ ಬೇಡವಾಗಿತ್ತು. ನೀವು ಬ್ರಿಜ್ (ತಂತಿಗಳು ಕೂರುವ ಕಟ್ಟೆ) ಹತ್ತಿರ ತಂತಿಗಳ ಕೆಳಗೆ ಅರ್ಧ ಇಂಚು ದಪ್ಪದ ಸ್ಪಂಜು ಸಿಕ್ಕಿಸಿ. ಸ್ವರ ಹುಟ್ಟಿದ ಕೂಡಲೇ ಗುಂಡಗೆ ನಿಂತು ಕರಗುತ್ತದೆ. ಸ್ಪಂಜು ತಂತಿಯನ್ನು ಮೇಲಕ್ಕೆ ದೂಡುವಷ್ಟು ಗಟ್ಟಿಯಾಗಿದ್ದರೆ ಶ್ರುತಿ ಏರುತ್ತದೆ, ತೆಳುವಾಗಿ ಕತ್ತರಿಸಿ.

ಪ್ರಶ್ನೆ: ಫ್ಲ್ಯಾಟಿನಲ್ಲಿ ಡ್ರಮ್ಸ್ ಬಾರಿಸಲು ಸೊಸೈಟಿಯವರು ಬಿಡುವುದಿಲ್ಲ. ಸ್ಟುಡಿಯೋ ಒಂದು ಶಿಫ್ಟ್ ಮಾತ್ರ ಕೈಗೆಟಕುತ್ತದೆ. ಅಷ್ಟರಲ್ಲಿ ಎಷ್ಟು ಹಾಡು ಆಗುತ್ತದೆ? (ಮುಲುಂಡ್)

ಉತ್ತರ: ಎಂಟು ಗಂಟೆಯ ಶಿಫ್ಟಿನಲ್ಲಿ ಮೂರು ಹಾಡಿನ ಡ್ರಮ್ಸ್ ಆದರೆ ಅದು ಒಳ್ಳೆಯ ದಿನ. ಮೊದಲ ಎರಡು ಗಂಟೆ ಶ್ರುತಿ ಮತ್ತು ಮೈಕಿಗೇ ಹೋಗುತ್ತದೆ, ಅಲ್ಲಿ ಅವಸರ ಮಾಡಬೇಡಿ.

ಫಂಕ್ ಡ್ರಮ್ಸಿಗೆ ಮೊಳಗು ಬೇಡ. ಕಿಕ್‌ನೊಳಗೆ ಒಂದು ದಿಂಬು, ಬಡಿಯುವ ಚರ್ಮಕ್ಕೆ ತಾಗುವಂತೆ. ಸ್ನೇರ್ ಮೇಲೆ, ಕೋಲು ಬೀಳದ ಅಂಚಿನಲ್ಲಿ, ಮಡಿಸಿದ ಕರವಸ್ತ್ರವನ್ನು ಟೇಪಿನಿಂದ ಒಂದು ಕಡೆ ಮಾತ್ರ ಅಂಟಿಸಿ. ಪೆಟ್ಟು ಬಿದ್ದಾಗ ಅದು ಹಾರಿ ಮತ್ತೆ ಕೂರಬೇಕು, ಆಗ ಪೆಟ್ಟಿನ ಮೊದಲ ಚಟಾರ್ ಉಳಿದು ಬಾಲ ಮಾತ್ರ ಕಟ್ಟಾಗುತ್ತದೆ. ಮೈಕ್ ಮೂರೇ ಸಾಕು: ಕಿಕ್‌ನ ತೂತಿನೊಳಗೆ ಒಂದು ಗೇಣು, ಸ್ನೇರ್ ಅಂಚಿನಿಂದ ಎರಡು ಇಂಚು ಮೇಲೆ ಎಸ್‌ಎಂ57ನಂಥ ಡೈನಮಿಕ್ ಮೈಕ್, ತಲೆಯ ಮೇಲೆ ಒಂದು ಕಂಡೆನ್ಸರ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್). ಮೂರರಲ್ಲಿ ಹಾಳಾಗುವುದು ಫೇಸ್, ಅಂದರೆ ಬೇರೆ ಬೇರೆ ಮೈಕಿಗೆ ಬರುವ ಅಲೆಗಳ ಏರಿಳಿತದ ಹೊಂದಾಣಿಕೆ. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಚಲಿಸುವುದರಿಂದ, ಮೇಲಿನ ಮೈಕಿಗೆ ಸ್ನೇರ್ ಎರಡು ಮೂರು ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಎರಡು ಅಲೆ ಒಂದನ್ನೊಂದು ನುಂಗಿದರೆ ಸ್ನೇರ್ ಕಾಗದ ಹರಿದಂತೆ ತೆಳ್ಳಗಾಗುತ್ತದೆ. ಹತ್ತು ಪೆಟ್ಟು ಮುದ್ರಿಸಿ, ಮೇಲಿನ ಮೈಕಿನ ಪೋಲಾರಿಟಿ (ಅಲೆಯನ್ನು ತಲೆಕೆಳಗು ಮಾಡುವ) ಗುಂಡಿಯನ್ನು ಒತ್ತಿ, ಬಿಟ್ಟು ಕೇಳಿ. ಎದೆಗೆ ತುಂಬಿ ಬರುವುದು ಯಾವುದೋ ಅದನ್ನು ಇಟ್ಟುಕೊಳ್ಳಿ. ಎರಡರಲ್ಲೂ ಸಪ್ಪೆ ಎನಿಸಿದರೆ ಮೈಕನ್ನು ನಾಲ್ಕು ಬೆರಳು ಮೇಲೋ ಕೆಳಗೋ ಸರಿಸಿ ಮತ್ತೆ ನೋಡಿ. ಇದನ್ನು ಮನೆಗೆ ತಂದು ಸರಿಪಡಿಸೋಣ ಎಂದುಕೊಳ್ಳಬೇಡಿ. ಮುದ್ರಣ 24 ಬಿಟ್, 48 ಕಿಲೋಹರ್ಟ್ಸ್. ಅತಿ ಜೋರಿನ ಪೆಟ್ಟು ಮೈನಸ್ 10 ಡೆಸಿಬೆಲ್ ದಾಟದಿರಲಿ.

ಪ್ರಶ್ನೆ: ಕನ್ನಡದಲ್ಲಿ ಬರೆದ ಸಾಲು ಫಂಕ್ ಲಯಕ್ಕೆ ಕೂತಾಗ ಡಬ್ಬಿಂಗ್ ಮಾಡಿದ ಹಾಗೆ ಕೇಳಿಸುತ್ತದೆ. ದೋಷ ಭಾಷೆಯದೋ, ನನ್ನದೋ? (ಕೋಥರೂಡ್, ಪುಣೆ)

ಉತ್ತರ: ಭಾಷೆಯದಂತೂ ಅಲ್ಲ. ಬಹುಶಃ ನೀವು ಮೊದಲು ಇಂಗ್ಲಿಷ್ ಹಾಡಿನ ಧಾಟಿಯನ್ನು ಗುನುಗಿ, ಆಮೇಲೆ ಕನ್ನಡವನ್ನು ಅದರೊಳಗೆ ತುರುಕುತ್ತಿದ್ದೀರಿ. ಇಂಗ್ಲಿಷ್ ಸಾಲು ಹೆಚ್ಚಾಗಿ ಒತ್ತಿಲ್ಲದ ಒಂದೆರಡು ಪುಟ್ಟ ಪದಗಳಿಂದ, ಸಮಕ್ಕಿಂತ ಮುಂಚೆ ಹೊರಡುತ್ತದೆ. ಕನ್ನಡದ ಪದಕ್ಕೆ ತೂಕ ಮೊದಲ ಅಕ್ಷರದಲ್ಲೇ. ಆ ಅಕ್ಷರ ಸಮಕ್ಕಿಂತ ಮುಂಚೆ ಬಿದ್ದು, ವಿಭಕ್ತಿ ಪ್ರತ್ಯಯ ಸಮದ ಮೇಲೆ ಕೂತರೆ ಯಾರು ಹಾಡಿದರೂ ಡಬ್ಬಿಂಗೇ.

ಮಾತ್ರೆ ಎಣಿಸಿ ಬರೆಯಿರಿ. ಫಂಕ್‌ನ ಒಂದು ‘ಬಾರ್’ಗೆ 16 ಹದಿನಾರನೇ ಸ್ವರಗಳು. ನಮ್ಮ ಮಂದಾನಿಲ ರಗಳೆಯ ಒಂದು ಸಾಲಿಗೆ 16 ಮಾತ್ರೆಗಳು. ಇಷ್ಟು ಹತ್ತಿರದ ನಂಟನ್ನು ನಮ್ಮ ಹಾಡುಗಾರರು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನಮ್ಮ ಬಲವಾದ ಅಭಿಪ್ರಾಯ. ಲಘುವಿಗೆ ಒಂದು ಸ್ಥಾನ, ಗುರುವಿಗೆ ಎರಡು. ‘ಮಳೆಯಲಿ ನೆನೆದವ ಮನೆಯನು ತಲುಪಿದ’ ಎಂದರೆ ನಾಲ್ಕು ನಾಲ್ಕರ ಗಣ, ಎಲ್ಲ ಲಘು. ಲೆಕ್ಕ ಸರಿ, ಆದರೆ ಹೊಲಿಗೆ ಯಂತ್ರದ ಹಾಗೆ ಓಡುತ್ತದೆ, ಉಸಿರಿಗೆ ಜಾಗವಿಲ್ಲ. ಅದೇ ರಗಳೆಗೆ ಮೂರು–ಐದರ ನಡಿಗೆಯೂ ಇದೆ: ‘ದಾರಿ ತಪ್ಪಿದವ ಊರ ಸೇರಿದನು’. ಪದಗಳು ಹುಟ್ಟುವುದು 1, 4, 9, 12ನೇ ಸ್ಥಾನಗಳಲ್ಲಿ. ಸ್ನೇರ್ ಬೀಳುವುದು 5 ಮತ್ತು 13ರಲ್ಲಿ. ‘ತಪ್ಪಿದವ’ದ ತ ನಾಲ್ಕರಲ್ಲಿ ಹುಟ್ಟಿ, ಒತ್ತಕ್ಷರಕ್ಕೆ ಬಾಯಿ ಮುಚ್ಚುವ ಕ್ಷಣ ಸರಿಯಾಗಿ ಐದರಲ್ಲಿ ಬರುತ್ತದೆ. ಗಾಯಕರ ದನಿ ನಿಂತ ಕಡೆ ಸ್ನೇರ್ ಮಾತಾಡುತ್ತದೆ. ‘ಸೇ’ ಹನ್ನೆರಡರಲ್ಲಿ ಹುಟ್ಟಿ ಹದಿಮೂರರ ಸ್ನೇರ್ ಮೇಲೆ ತೇಲುತ್ತದೆ. ಒತ್ತಕ್ಷರಗಳು ಫಂಕ್‌ಗೆಂದೇ ಇಟ್ಟ ನಿಲುಗಡೆಗಳು. ಅವನ್ನು ಸ್ನೇರ್ ಮೇಲೆ ತನ್ನಿ.

ಲಘುವನ್ನು ಎಳೆಯುವಾಗ ಅರ್ಥ ಕೆಡದಂತೆ ನೋಡಿ. ‘ಕೊಡು’ ಪದದ ಮೊದಲ ಅಕ್ಷರ ಎಳೆದರೆ ‘ಕೋಡು’ ಆಗುತ್ತದೆ, ‘ಬಿಡು’ ‘ಬೀಡು’ ಆಗುತ್ತದೆ. ಎಳೆಯುವುದಿದ್ದರೆ ಕೊನೆಯ ಸ್ವರ ಎಳೆಯಿರಿ, ‘ಕೊಡೂ’ ಎಂದರೆ ಕಿವಿ ಒಪ್ಪುತ್ತದೆ. ಸೋಲ್ ಗಾಯನದ ಜಾರು, ಬಳುಕುಗಳಿಗೆಲ್ಲ ಆ ಕೊನೆಯ ಸ್ವರವೇ ಮನೆ. ಹಿಮ್ಮೇಳದವರಿಗೆ ಬೇರೆ ಪಾಠ ಬೇಕಿಲ್ಲ. ಭಜನಾ ಮಂಡಳಿಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಡಿಯುವ ಕ್ರಮವೇ ಇಲ್ಲೂ ನಡೆಯುತ್ತದೆ. ಆದರೆ ಹಿಡಿಯುವವರು ಸಾಲಿನ ಕೊನೆಯ ಎರಡು ಪದಗಳನ್ನಷ್ಟೇ ಹಿಡಿಯಲಿ.

ಪ್ರಶ್ನೆ: ಊರಿನ ಟ್ರಂಪೆಟ್, ಟೆನರ್ ಸ್ಯಾಕ್ಸ್ ವಾದಕರು ಒಪ್ಪಿದ್ದಾರೆ. ಗಿಟಾರಿನಲ್ಲಿ ‘ಇ’ಯಲ್ಲಿ ಕಟ್ಟಿದ ಹಾಡು ಅವರಿಗೆ ತೀರಾ ಕಷ್ಟವಾಗುತ್ತಿದೆ, ಶ್ರುತಿಯೂ ಕೂಡುತ್ತಿಲ್ಲ. (ಮಡಗಾಂವ್)

ಉತ್ತರ: ಗೋವಾದ ಚರ್ಚು ಶಾಲೆಗಳು ತಲೆಮಾರುಗಳಿಂದ ಮಕ್ಕಳಿಗೆ ಸ್ವರಲಿಪಿ ಓದಲು ಕಲಿಸುತ್ತಾ ಬಂದಿವೆ, ಮುಂಬಯಿಯ ಸಿನಿಮಾ ವಾದ್ಯವೃಂದಗಳನ್ನು ತುಂಬಿದವರು ಅಲ್ಲಿಂದ ಬಂದ ವಾದಕರೇ. ಅಂಥ ಊರಿನಲ್ಲಿದ್ದೀರಿ, ಬಾಯಲ್ಲಿ ಹೇಳಿಕೊಡುವ ಬದಲು ಬರೆದೇ ಕೊಡಿ. ಟ್ರಂಪೆಟ್, ಟೆನರ್ ಎರಡೂ ಬಿ ಫ್ಲಾಟ್ ವಾದ್ಯಗಳು, ಅಂದರೆ ಕಾಗದದ ‘ಸಿ’ ಊದಿದರೆ ಕೇಳಿಸುವುದು ‘ಬಿ ಫ್ಲಾಟ್’. ನಿಮ್ಮ ‘ಇ’ ಅವರ ಕಾಗದದಲ್ಲಿ ‘ಎಫ್ ಶಾರ್ಪ್’ ಆಗುತ್ತದೆ, ಆರು ಶಾರ್ಪ್‌ಗಳು. ಆಲ್ಟೊ ಸ್ಯಾಕ್ಸ್ ಸೇರಿಸಿದರೆ ಅದಕ್ಕೆ ಏಳು. ಹಾಡನ್ನು ಅರ್ಧ ಸ್ವರ ಇಳಿಸಿ ‘ಇ ಫ್ಲಾಟ್’ಗೆ ತನ್ನಿ. ಟ್ರಂಪೆಟ್ ಮತ್ತು ಟೆನರಿಗೆ ಅದು ‘ಎಫ್’, ಒಂದೇ ಫ್ಲಾಟ್. ಆಲ್ಟೊಗೆ ‘ಸಿ’, ಏನೂ ಇಲ್ಲ. ಗಿಟಾರು, ಬೇಸುಗಳ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಸಡಿಲಿಸಿ, ನಿಮ್ಮ ಬೆರಳುಗಳು ಹಳೆಯ ಜಾಗದಲ್ಲೇ ಇರುತ್ತವೆ.

ಶ್ರುತಿ ಕೂಡದಿರುವುದಕ್ಕೆ ಕಾರಣ ಏಸಿ ಇರಬಹುದು. ಗಾಳಿಯ ಬಿಸಿ ಒಂದು ಡಿಗ್ರಿ ಇಳಿದರೆ ಊದುವ ವಾದ್ಯದ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ, ಅರ್ಧ ಸ್ವರಕ್ಕೆ 100 ಸೆಂಟ್. ಹೊರಗಿನ 32 ಡಿಗ್ರಿಯಲ್ಲಿ ಹೊಂದಿಸಿಕೊಂಡು 22 ಡಿಗ್ರಿಯ ಕೋಣೆಗೆ ಬಂದರೆ ಕೀಬೋರ್ಡಿಗೂ ಅವರಿಗೂ 30 ಸೆಂಟಿನ ಬಿರುಕು. ಅದೇ ಕೋಣೆಯಲ್ಲಿ ಕಾಲು ಗಂಟೆ ಊದಿದ ಮೇಲೆ ಶ್ರುತಿ ಮಾಡಿಸಿ. ನಡುವೆ ಏಸಿ ಆರಿಸಿ ಹಾಕಿ ಮಾಡಬೇಡಿ.

ಇಬ್ಬರೇ ಇರುವುದರಿಂದ ಚುರುಕಿನ ಸಾಲುಗಳನ್ನು ಒಂದೇ ಸ್ವರದಲ್ಲಿ ಅಥವಾ ಒಂದು ಸ್ಥಾಯಿ ಅಂತರದಲ್ಲಿ ಕೊಡಿ, ನಿಂತ ಸ್ವರಗಳಿಗೆ ಮಾತ್ರ ಬೇರೆ ಬೇರೆ ಸ್ವರ. ಪ್ರತಿ ಸ್ವರ ಎಲ್ಲಿ ಮುಗಿಯಬೇಕೆಂದು ಬರೆಯಿರಿ. ಶುರು ಎಲ್ಲರದ್ದೂ ಕೂಡುತ್ತದೆ, ಕೊನೆ ಕೂಡದೆ ಹೋದಾಗ ಮದುವೆ ಬ್ಯಾಂಡಿನಂತೆ ಕೇಳಿಸುತ್ತದೆ. ಮೈಕ್ ಮೂರು ನಾಲ್ಕು ಅಡಿ ದೂರ ಇರಲಿ. ಎರಡನೇ ಪದರಕ್ಕೆ ಇಬ್ಬರೂ ಜಾಗ ಬದಲಿಸಿಕೊಂಡು ನಿಂತು ಊದಲಿ, ನಾಲ್ಕು ಜನರ ತುಂಬು ಬರುತ್ತದೆ. ಎತ್ತರದ ಸಾಲುಗಳನ್ನು ಕೊನೆಗೆ ಉಳಿಸಬೇಡಿ. ಎರಡು ಗಂಟೆಯ ಮೇಲೆ ತುಟಿ ಸೋಲುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ಚಟಪಟ ಎನ್ನುತ್ತದೆ. ಹಾಳಾಯಿತೇ? (ಬೋರಿವಲಿ)

ಉತ್ತರ: ಸಾಮಾನ್ಯವಾಗಿ ತೇವ ಅಷ್ಟೇ. ಕ್ಯಾಪ್ಸೂಲಿನ ಮೇಲೆ ಪಸೆ ಕೂತು ವಿದ್ಯುತ್ ಸೋರಿದಾಗ ಈ ಸದ್ದು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಮುಚ್ಚಿಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಅವನ್ನು ಬಿಸಿಮಾಡಿ ಒಣಗಿಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಹೇರ್ ಡ್ರೈಯರ್ ಹಿಡಿಯಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಯನಕ್ಕೆ ಡೈನಮಿಕ್ ಮೈಕ್ ಬಳಸಿದರೆ ಸೋಲ್ ಹಾಡಿಗೆ ನಷ್ಟವೇನಿಲ್ಲ. ಬಾಯಿಂದ ಮೂರು ಇಂಚು ದೂರವಿಟ್ಟರೆ ರೈಲಿನ ಸದ್ದೂ ಹಿಂದೆ ಸರಿಯುತ್ತದೆ. ಚರ್ಮದ ಕಾಂಗಾ (ಕೈಯಿಂದ ಬಾರಿಸುವ ಉದ್ದ ಡ್ರಮ್) ಇದ್ದರೆ ಪ್ರತಿ ಟೇಕಿಗೂ ಮುಂಚೆ ಶ್ರುತಿ ನೋಡಿಕೊಳ್ಳಿ.

ಪ್ರಶ್ನೆ: ಹೆಡ್‌ಫೋನಿನಲ್ಲಿ ನನ್ನ ಬೇಸ್ ತಡವಾಗಿ ಕೇಳಿಸಿ ಲಯ ತಪ್ಪುತ್ತದೆ. (ಪಿಂಪ್ರಿ)

ಉತ್ತರ: ಬಫರ್ (ಕಂಪ್ಯೂಟರ್ ಒಮ್ಮೆಗೆ ತುಂಬಿಕೊಳ್ಳುವ ಸದ್ದಿನ ತುಣುಕು) 512 ಇದ್ದರೆ 48 ಕಿಲೋಹರ್ಟ್ಸಿನಲ್ಲಿ ಒಂದು ದಿಕ್ಕಿಗೇ 10.7 ಮಿಲಿಸೆಕೆಂಡು, ಹೋಗಿ ಬರಲು ಅದರ ಇಮ್ಮಡಿಗೂ ಹೆಚ್ಚು. ನುಡಿಸುವಾಗ 64ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ ಏರಿಸಿ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ (ಕಂಪ್ಯೂಟರ್ ಸುತ್ತದೆ ನೇರ ಕೇಳಿಸುವ) ಗುಂಡಿ ಇದ್ದರೆ ಅದೇ ಉತ್ತಮ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗುವುದಿಲ್ಲ.

ಪ್ರಶ್ನೆ: ಮಿಕ್ಸ್‌ನಲ್ಲಿ ಕಿಕ್ ಮತ್ತು ಬೇಸ್ ಗುದ್ದಾಡುತ್ತವೆ. ಮೊಬೈಲಿನಲ್ಲಿ ಕೇಳಿದರೆ ಬೇಸೇ ಇಲ್ಲ. (ವಾಶಿ)

ಉತ್ತರ: ಎರಡಕ್ಕೂ ಒಂದೇ ಕುರ್ಚಿ ಕೊಟ್ಟಿದ್ದೀರಿ. ಕಿಕ್ 60 ಹರ್ಟ್ಸಿನ ಸುತ್ತ ಕೂರಲಿ, ಬೇಸಿನಲ್ಲಿ ಅದೇ ಜಾಗವನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿ 90–100ರಲ್ಲಿ ತುಸು ಎತ್ತಿ. ಗಿಟಾರ್, ಕ್ಲಾವಿನೆಟ್, ಗಾಯನಗಳಲ್ಲಿ 100 ಹರ್ಟ್ಸಿನ ಕೆಳಗಿನದನ್ನು ಕತ್ತರಿಸಿ. ಬೇಸಿನ ಕಂಪ್ರೆಸರಿಗೆ (ಜೋರಿನ ಸದ್ದನ್ನು ತಗ್ಗಿಸುವ ಉಪಕರಣಕ್ಕೆ) 4:1 ಅನುಪಾತ, ಅಟ್ಯಾಕ್ (ಅದು ಕೆಲಸ ಶುರುಮಾಡಲು ತೆಗೆದುಕೊಳ್ಳುವ ಸಮಯ) 30 ಮಿಲಿಸೆಕೆಂಡು ಇರಲಿ. ಅಟ್ಯಾಕ್ ಇದಕ್ಕಿಂತ ಚುರುಕಾದರೆ ಬೆರಳಿನ ಪೆಟ್ಟೇ ಸತ್ತುಹೋಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಮಂದ್ರ ನುಡಿಸುವ ಶಕ್ತಿಯಿಲ್ಲ, ಬೇಸಿಗೆ ಸ್ವಲ್ಪ ಸ್ಯಾಚುರೇಶನ್ (ಹದವಾದ ಒಡಕು) ಕೊಟ್ಟು 700 ಹರ್ಟ್ಸಿನ ಆಸುಪಾಸು ಅದರ ಮೇಲುಸ್ವರಗಳನ್ನು ಎಬ್ಬಿಸಿದರೆ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಮಿಕ್ಸಿಂಗನ್ನು ಮಾತಿನಷ್ಟೇ ಸಣ್ಣ ಸದ್ದಿನಲ್ಲಿ, ಮೊನೋದಲ್ಲಿ ಮಾಡಿ ನೋಡಿ. ಒಟ್ಟು ಜೋರಿಗಾಗಿ ಲಿಮಿಟರ್ (ಸದ್ದಿಗೆ ಗರಿಷ್ಠ ಮಿತಿ ಹಾಕುವ ಉಪಕರಣ) ಹಿಂಡಬೇಡಿ. ಸ್ಪಾಟಿಫೈ ಹೇಗೂ ಎಲ್ಲವನ್ನೂ ಸದ್ದಿನ ಜೋರಿನ ಅಳತೆಯಲ್ಲಿ ಮೈನಸ್ 14 ಲಫ್ಸ್‌ಗೆ ಸಮ ಮಾಡುತ್ತದೆ. ಹಿಂಡಿದ್ದಕ್ಕೆ ಸಿಗುವ ಫಲ ಚಪ್ಪಟೆಯಾದ ಸ್ನೇರ್ ಮಾತ್ರ.

ಪ್ರಶ್ನೆ: ಬೇಂದ್ರೆಯವರ ಕವಿತೆಯೊಂದನ್ನು, ಒಂದು ವಚನವನ್ನು, ಶರೀಫರ ಪದವೊಂದನ್ನು ಫಂಕ್ ಮಾಡಿ ಹಾಡಬಹುದೇ? (ಮಾಟುಂಗಾ)

ಉತ್ತರ: ವಚನಕ್ಕೂ ಶರೀಫರ ಪದಕ್ಕೂ ಸಾಹಿತ್ಯದ ಅಡ್ಡಿಯಿಲ್ಲ. ಆದರೆ ಜನ ಗುನುಗುವ ಧಾಟಿ ಇತ್ತೀಚಿನ ಸಂಗೀತ ಸಂಯೋಜಕರೊಬ್ಬರದ್ದಾಗಿದ್ದರೆ ಆ ಧಾಟಿಗೆ ಹಕ್ಕುದಾರರಿದ್ದಾರೆ, ನಿಮ್ಮದೇ ಧಾಟಿ ಕಟ್ಟಿ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಕವಿಯ ನಂತರ 60 ವರ್ಷ ಹಕ್ಕು ಇರುವುದರಿಂದ 2041ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಹಕ್ಕಿನ ಅವಧಿ ಮುಗಿಯದ ಹಳೆಯ ರೆಕಾರ್ಡಿನಿಂದ ಎರಡು ಸೆಕೆಂಡು ಕತ್ತರಿಸಿ ಬಳಸಲೂ ಅನುಮತಿ ಬೇಕು. ಆ ಎರಡು ಸೆಕೆಂಡನ್ನು ನೀವೇ ಹೊಸದಾಗಿ ನುಡಿಸಿದರೆ ರೆಕಾರ್ಡಿನ ಹಕ್ಕು ತಪ್ಪುತ್ತದೆ, ಧಾಟಿಯ ಹಕ್ಕು ತಪ್ಪುವುದಿಲ್ಲ.

ನಿಮ್ಮ ಸ್ವಂತ ಹಾಡುಗಳಿಗೆ, ಹಾಡು ಬರೆದವರ ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ವಸೂಲು ಮಾಡುವ, ಮುಂಬಯಿಯಲ್ಲೇ ಕಚೇರಿಯಿರುವ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ, ಪ್ರತಿ ಹಾಡನ್ನೂ ನೋಂದಾಯಿಸಿ. ಪ್ರತಿ ಮುದ್ರಣಕ್ಕೂ ಅದನ್ನು ಗುರುತಿಸುವ 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಬೇಕು, ರೀಮಿಕ್ಸಿಗೆ ಬೇರೆಯದೇ ಸಂಖ್ಯೆ. ನಿಮ್ಮೊಂದಿಗೆ ಊದಿದವರು, ಹಿಮ್ಮೇಳ ಹಾಡಿದವರು ಯಾರು, ಎಷ್ಟು ಹಣ, ಮುಂದೆ ಪಾಲು ಇದೆಯೋ ಇಲ್ಲವೋ ಎಂಬುದನ್ನು ಮುದ್ರಣದ ದಿನವೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರಿಗೆ ಕೊಡಿ. ಹೊದಿಕೆಯ ಮೇಲೆ ಅವರ ಹೆಸರು ವಾದ್ಯದ ಸಮೇತ ಬರಲಿ.